ದೂರದ ದ್ವೀಪ, ಹತ್ತಿರದ ಬೆಟ್ಟ

‘ಪ್ರೇಕ್ಷಣೀಯ ಸ್ಥಳ’ ಎಂಬ ಮಾತು ಈಗ ರಸ್ತೆಯ ಹಲಗೆಗಳ ಮೇಲೂ ಶಾಲೆಯ ಸುತ್ತೋಲೆಗಳಲ್ಲೂ ಧಾರಾಳವಾಗಿ ಕಾಣಸಿಗುತ್ತದೆ. ಶಬ್ದ ಸಂಸ್ಕೃತದ್ದು. ಚೆನ್ನಾಗಿ ನೋಡಲು ತಕ್ಕದ್ದು, ಕಣ್ಣಿಟ್ಟು ನೋಡಬೇಕಾದದ್ದು ಎಂದು ಅದರ ಅರ್ಥ. ಬಳಕೆಯಲ್ಲಿ ಮಾತ್ರ ಅದಕ್ಕೆ ಬೇರೊಂದು ಅರ್ಥ ಬಂದು ಕೂತಿದೆ: ಬಹಳ ಜನ ಹೋಗುವ ಸ್ಥಳ. ಮೊದಲನೆಯದು ನೋಡುವವನ ಕರ್ತವ್ಯವನ್ನು ಹೇಳುತ್ತದೆ. ಎರಡನೆಯದು ತಲೆಗಳ ಲೆಕ್ಕವನ್ನು ಹೇಳುತ್ತದೆ. ಈ ವ್ಯತ್ಯಾಸ ನಿಘಂಟಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಅದನ್ನು ಪಂಡಿತರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಈಚಿನ ವರ್ಷಗಳಲ್ಲಿ ಅದರೊಳಗೆ ಮಕ್ಕಳ ಪ್ರಾಣವೂ ಸಿಕ್ಕಿಕೊಂಡಿದೆ.

2024ರ ಡಿಸೆಂಬರ್ 10ರ ಸಂಜೆ ಮುಳಬಾಗಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದಕ್ಕೆ ಎರಡೂವರೆ ವರ್ಷ ಹಿಂದೆ, 2022ರ ಏಪ್ರಿಲಿನಲ್ಲಿ, ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಹೀಗೆಯೇ ಅಲೆಗಳಿಗೆ ಸಿಕ್ಕಿದರು. ಇಬ್ಬಗೆಯ ಮಕ್ಕಳೂ ನೋಡಲು ಹೋಗಿದ್ದವರು. ನೋಡಬೇಕಾದ್ದೇನು, ನೋಡುವ ಬಗೆ ಹೇಗೆ ಎಂಬುದನ್ನು ಅವರಿಗೆ ಯಾರು ಹೇಳಿಕೊಡಬೇಕಾಗಿತ್ತು ಎಂಬ ಪ್ರಶ್ನೆ ನಮ್ಮ ಮುಂದೆ ಉಳಿದಿದೆ.

ಕೋಲಾರ ಸೀಮೆಯವರಿಗೆ ಈ ಪ್ರಶ್ನೆ ಹೆಚ್ಚು ನೋಯಿಸುವಂಥದು. ವರ್ಷವೆಲ್ಲ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗ ನದಿಗಳು. ಉಳಿದ ಕಾಲದಲ್ಲಿ ಮರಳಿನ ಹಾದಿಗಳು. ನೀರು ಎಂದರೆ ಇಲ್ಲಿಯ ಮಕ್ಕಳಿಗೆ ಕೆರೆ, ಕುಂಟೆ, ಬಾವಿ, ಈಚೆಗೆ ಕೊಳವೆಬಾವಿ. ಮಾಸ್ತಿ, ಮಾಲೂರು, ಮುಳಬಾಗಲು, ಶ್ರೀನಿವಾಸಪುರಗಳ ಕಡೆಯ ಹುಡುಗನಿಗೋ ಹುಡುಗಿಗೋ ಕಡಲು ಎಂಬುದು ಪಠ್ಯಪುಸ್ತಕದಲ್ಲಿ ನೀಲಿ ಬಣ್ಣ ತುಂಬಿದ ಒಂದು ಭಾಗ. ಆದ್ದರಿಂದಲೇ ಡಿಸೆಂಬರ್ ತಿಂಗಳಲ್ಲಿ ಶಾಲೆಯ ಬಸ್ಸು ಘಟ್ಟ ಇಳಿದು ಧರ್ಮಸ್ಥಳ, ಉಡುಪಿ, ಮಲ್ಪೆ, ಮುರ್ಡೇಶ್ವರಗಳ ಕಡೆ ಹೊರಡುತ್ತದೆ ಎಂದರೆ ಆ ಮಕ್ಕಳಿಗೆ ಅದು ಸಣ್ಣ ಸಂಗತಿಯಲ್ಲ. ಅವರ ಆಸೆ ತಪ್ಪಲ್ಲ. ಒಮ್ಮೆಯಾದರೂ ಕಡಲನ್ನು ಕಾಣಬೇಕೆಂಬ ಆಸೆಯಿಲ್ಲದ ಬಾಲ್ಯ ಎಂಥ ಬಾಲ್ಯ?

ಈ ಆಸೆಯನ್ನು ತೀರಿಸುವ ಹೊಣೆ ಹೊತ್ತ ವ್ಯವಸ್ಥೆಯಲ್ಲಿ ಊನ ಎಲ್ಲಿದೆ ಎಂದು ತಿಳಿಯಬೇಕಾದರೆ ಮೊದಲು ಆ ದ್ವೀಪಗಳ ಸಾಲನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು.

*

ನಮ್ಮ ನಾಡಿನ ಕರಾವಳಿಗೆ ದ್ವೀಪಗಳಿವೆ ಎಂಬುದೇ ಒಳನಾಡಿನ ಅನೇಕರಿಗೆ ಗೊತ್ತಿಲ್ಲ. ಕಾರವಾರದ ಎದುರಿಗೆ ದೇವಗಡ, ಕೂರ್ಮಗಡ. ಹೊನ್ನಾವರದ ಎದುರಿಗೆ ಬಸವರಾಜದುರ್ಗ. ಮುರ್ಡೇಶ್ವರದ ಎದುರಿಗೆ ನೇತ್ರಾಣಿ. ಮಲ್ಪೆಯ ಎದುರಿಗೆ ಸೇಂಟ್ ಮೇರಿ ದ್ವೀಪಗಳು. ಈ ಕೊನೆಯ ಗುಂಪಿನಲ್ಲಿ ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ. ಉತ್ತರದಿಂದ ದಕ್ಷಿಣಕ್ಕೆ, ದಡಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಮಣಿಗಳನ್ನು ಪೋಣಿಸಿದಂತೆ ಅವು ನಿಂತಿವೆ. ಜನ ದೋಣಿಯಲ್ಲಿ ಹೋಗಿ ಇಳಿಯುವುದು ಸಾಮಾನ್ಯವಾಗಿ ತೆಂಗಿನ ದ್ವೀಪದಲ್ಲಿ. ಅದರ ಉದ್ದ ಸುಮಾರು ಅರ್ಧ ಕಿಲೋಮೀಟರು; ಅಗಲ ಅದರ ಐದನೆಯ ಒಂದು ಪಾಲು. ನಮ್ಮ ಕಡೆಯ ಒಂದು ಸಾಧಾರಣ ಕೆರೆಯ ಅಂಗಳದಷ್ಟೂ ಇಲ್ಲದ ನೆಲ ಅದು. ಮನೆಗಳಿಲ್ಲ, ಖಾಯಂ ವಾಸಿಗಳಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಕಡಲು ಕೆರಳುವುದರಿಂದ ದೋಣಿಗಳು ನಿಲ್ಲುತ್ತವೆ. ಆಗ ದ್ವೀಪ ತನ್ನ ಪಾಡಿಗೆ ತಾನು ಇರುತ್ತದೆ.

ಈ ದ್ವೀಪಗಳ ಸುತ್ತ ಕಥೆಗಳು ಹೆಣೆದುಕೊಂಡಿವೆ. 1498ರಲ್ಲಿ ಭಾರತಕ್ಕೆ ಬಂದ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ಇಳಿದು, ಮೇರಿಯ ಹೆಸರಿನಲ್ಲಿ ಒಂದು ಗುರುತಿನ ಕಂಬ ನೆಟ್ಟನೆಂದು ಪ್ರತೀತಿ. ಬಹದ್ದೂರ್‌ಗಡದಲ್ಲಿ ಬಿದನೂರಿನ ನಾಯಕರ ಕಾಲದ ಕೋಟೆಯ ನೆನಪಿದೆ. ಎದುರಿನ ದಡವೇ ಮಧ್ವಾಚಾರ್ಯರ ಕಥೆಯಲ್ಲಿ ಬರುವ ಮಲ್ಪೆ. ದ್ವಾರಕೆಯಿಂದ ಬಂದ ಹಡಗು ಬಿರುಗಾಳಿಗೆ ಸಿಕ್ಕಿದಾಗ ಆಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ದಡ ಸೇರಿಸಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗಿಂದ ಉಡುಪಿಯ ಕೃಷ್ಣ ಹೊರಬಂದನೆಂದೂ ಭಕ್ತರು ಹೇಳುತ್ತಾರೆ. ಕಡಲನ್ನು ಬಲ್ಲ ಜನ ಕಟ್ಟಿದ ಕಥೆ ಇದು. ಅದರ ಮಧ್ಯದಲ್ಲಿರುವುದು ಕಡಲಿನ ಸೊಬಗಲ್ಲ, ಕಡಲಿನ ಅಪಾಯ ಎಂಬುದನ್ನು ಗಮನಿಸಬೇಕು.

ಈ ಮನುಷ್ಯ ಕಥೆಗಳಿಗಿಂತ ದೊಡ್ಡ ಕಥೆ ಅಲ್ಲಿಯ ಕಲ್ಲಿನದು. ದ್ವೀಪದ ಅಂಚಿನಲ್ಲಿ ಐದು, ಆರು, ಏಳು ಮುಖಗಳ ಕಂಬಗಳು, ಯಾರೋ ಶಿಲ್ಪಿ ಉಳಿ ಹಿಡಿದು ಕಡೆದು ನಿಲ್ಲಿಸಿದ ಹಾಗೆ, ಒಂದಕ್ಕೊಂದು ಒತ್ತಾಗಿ ನಿಂತಿವೆ. ಇದರ ಕಾರಣವನ್ನು ಕೋಲಾರದ ಮಗುವಿಗೆ ವಿವರಿಸುವುದು ಬಹು ಸುಲಭ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಕೆಸರು ಒಣಗಿ, ಕುಗ್ಗಿ, ಬಹುಕೋನದ ಹಲ್ಲೆಗಳಾಗಿ ಬಿರಿಯುವುದನ್ನು ಆ ಮಗು ಪ್ರತಿ ವರ್ಷವೂ ನೋಡಿರುತ್ತದೆ. ಕರಗಿದ ಶಿಲೆಯೂ ಹಾಗೆಯೇ. ಅದು ಆರುತ್ತ ಕುಗ್ಗುತ್ತದೆ. ಮೇಲ್ಮೈಯಲ್ಲಿ ಬಿದ್ದ ಬಿರುಕುಗಳು ಒಳಗೆ ಇಳಿಯುತ್ತ ಹೋಗಿ ಶಿಲೆಯನ್ನು ಕಂಬಗಳಾಗಿ ಸೀಳುತ್ತವೆ. ಕೆಸರಿನಲ್ಲಿ ನೀರು ಹೋದದ್ದರಿಂದ ಆದ ಕೆಲಸ ಇಲ್ಲಿ ಬಿಸಿ ಹೋದದ್ದರಿಂದ ಆಗಿದೆ, ವ್ಯತ್ಯಾಸ ಅಷ್ಟೇ.

ಈ ಶಿಲೆ ಹರಿದದ್ದು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆಗ ಮಲ್ಪೆಯ ಎದುರಿಗೆ ಅರಬ್ಬೀ ಸಮುದ್ರವಿರಲಿಲ್ಲ; ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಎರಡು ನೆಲಗಳೂ ಬಿರಿದು ಬೇರೆಯಾಗುವ ಕಾಲದಲ್ಲಿ ಭೂಮಿಯೊಳಗಿನಿಂದ ಉಕ್ಕಿದ ಶಿಲೆಯ ಒಂದು ಚೂರು ಇಲ್ಲಿ ಉಳಿದಿದೆ. ಅದೇ ಕಾಲದ ಲಾವಾ ಸಾವಿರಾರು ಕಿಲೋಮೀಟರು ಆಚೆ ಮಡಗಾಸ್ಕರಿನಲ್ಲಿ ಇದೆ. ಎರಡು ಭೂಖಂಡಗಳ ಅಗಲಿಕೆಗೆ ಸಾಕ್ಷಿಯಾದ ಕಲ್ಲು ಎಂಬ ಕಾರಣದಿಂದಲೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಇಷ್ಟನ್ನು ತಿಳಿದು ಆ ಕಂಬಗಳ ಮುಂದೆ ನಿಂತವನ ನೋಟ ಬೇರೆ. ತಿಳಿಯದೆ ನಿಂತವನ ನೋಟ ಬೇರೆ. ತಿಳಿದವನು ಕಲ್ಲನ್ನು ನೋಡುತ್ತಾನೆ. ತಿಳಿಯದವನಿಗೆ ಕಲ್ಲು ತನ್ನ ಚಿತ್ರಕ್ಕೆ ಹಿಂದಿನ ಪರದೆ. ಚಿತ್ರ ಇನ್ನೂ ಚೆನ್ನಾಗಿ ಬರಲೆಂದು ಆತ ಒಂದು ಹೆಜ್ಜೆ ಮುಂದಕ್ಕೆ, ಪಾಚಿ ಕಟ್ಟಿದ ಕಲ್ಲಿನ ಮೇಲಕ್ಕೆ ಹೋಗುತ್ತಾನೆ. ಅಪಾಯ ಹುಟ್ಟುವುದು ಆ ಒಂದು ಹೆಜ್ಜೆಯಲ್ಲಿ.

*

ಕಡಲಿನ ಸ್ವಭಾವ ಕೆರೆಯ ಸ್ವಭಾವದಂಥದಲ್ಲ. ಕೆರೆಯಲ್ಲಿ ಈಜಿದವನಿಗೆ ಆಳವೊಂದೇ ಶತ್ರು. ಕಡಲಿನಲ್ಲಿ ಮೊಣಕಾಲುದ್ದದ ನೀರೂ ಶತ್ರುವಾಗಬಹುದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಯಾದರೂ ಒಂದು ತಗ್ಗಿನ ಓಣಿ ಹುಡುಕಿಕೊಂಡು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಮೇಲೆ ನೋಡಿದವರಿಗೆ ಆ ಜಾಗದಲ್ಲಿ ಅಲೆ ಕಡಿಮೆ, ನೀರು ಶಾಂತ. ಅರಿಯದವರು ಇಳಿಯಲು ಆರಿಸಿಕೊಳ್ಳುವುದೂ ಅನೇಕ ವೇಳೆ ಆ ಜಾಗವನ್ನೇ. ಸೆಳೆತಕ್ಕೆ ಸಿಕ್ಕಿದವನು ನೇರವಾಗಿ ದಡದ ಕಡೆಗೆ ಈಜಲು ಹೆಣಗಿದರೆ ದಣಿದು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಆ ಓಣಿಯಿಂದ ಹೊರಗೆ ಬಂದು ಬದುಕಬಲ್ಲನು. ಮೀನುಗಾರರ ಮಕ್ಕಳಿಗೆ ಈ ಪಾಠ ಹುಟ್ಟಿನೊಡನೆ ಬರುತ್ತದೆ. ಘಟ್ಟದ ಮೇಲಿನ ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು, ಬಸ್ಸು ಹೊರಡುವ ಮುಂಚೆಯೇ ಹೇಳಬೇಕು. ಹತ್ತು ನಿಮಿಷದ ಪಾಠ ಅದು.

ಮುರ್ಡೇಶ್ವರದ ಸಾವುಗಳ ತರುವಾಯ ಏನು ನಡೆಯಿತು? ಕೆಲವು ಕಾಲ ಕಡಲತೀರವನ್ನು ಮುಚ್ಚಿದರು. ಸರ್ಕಾರ ಸತ್ತ ಮಕ್ಕಳ ಮನೆಗಳಿಗೆ ಪರಿಹಾರ ಘೋಷಿಸಿತು. ಪ್ರವಾಸ ಕರೆದುಕೊಂಡು ಹೋಗಿದ್ದ ಶಾಲೆಯವರ ಮೇಲೆ ಕ್ರಮ ಜರುಗಿತು. ಇವು ಯಾವುವೂ ಅನುಚಿತವೆಂದು ಹೇಳಲಾಗದು. ಹೊಣೆ ಹೊತ್ತವರು ಉತ್ತರ ಹೇಳಲೇಬೇಕು. ಆದರೆ ಇಷ್ಟಕ್ಕೆ ನಿಂತರೆ ಅದರ ಫಲವೇನೆಂಬುದನ್ನು ಯೋಚಿಸಬೇಕು. ಮುಂದಿನ ವರ್ಷ ಯಾವ ಶಿಕ್ಷಕರೂ ಪ್ರವಾಸದ ಮಾತೆತ್ತುವುದಿಲ್ಲ. ಸ್ವಂತ ಕಾರಿದ್ದವರ ಮಕ್ಕಳು ಕಡಲಿಗೆ ಹೋಗುತ್ತಲೇ ಇರುತ್ತಾರೆ. ವಸತಿ ಶಾಲೆಯ ಬಡ ಮಕ್ಕಳಿಗೆ ಮಾತ್ರ ಕಡಲು ಮತ್ತೆ ನೀಲಿ ಬಣ್ಣದ ಚಿತ್ರವಾಗುತ್ತದೆ. ಶಿಕ್ಷೆಯ ಭಾರ ಕೊನೆಗೆ ತಪ್ಪು ಮಾಡದವರ ಮೇಲೆ ಬೀಳುವುದು ಹೀಗೆ.

ಮುಚ್ಚುವುದು, ತೆರೆಯುವುದು ಎಂಬ ಎರಡೇ ಉಪಾಯಗಳನ್ನು ಬಲ್ಲ ಆಡಳಿತಕ್ಕೆ ನಡುವಣ ದಾರಿಯೊಂದಿದೆ ಎಂಬುದು ಹೊಳೆಯುವುದೇ ಕಷ್ಟ. ಆ ನಡುವಣ ದಾರಿಯನ್ನು ಬೇರೆ ದ್ವೀಪಗಳವರು ಹೇಗೆ ಹುಡುಕಿದ್ದಾರೆಂಬುದನ್ನು ನೋಡುವುದು ಒಳ್ಳೆಯದು.

*

ಆಫ್ರಿಕದ ವಾಯವ್ಯ ತೀರದ ಆಚೆ ಕ್ಯಾನರಿ ದ್ವೀಪಮಾಲೆಯಿದೆ. ಸ್ಪೇನ್ ದೇಶಕ್ಕೆ ಸೇರಿದ್ದು. ಉಪೋಷ್ಣವಲಯದ ಹದವಾದ ಹವೆ, ಜ್ವಾಲಾಮುಖಿಯ ಬೆಟ್ಟಗಳು, ಕಪ್ಪು ಮರಳು. ನೋಡುವವರಿಗೆ ಬೇಕಾದದ್ದೆಲ್ಲ ಅಲ್ಲಿದೆ. ಅಲ್ಲಿಯ ಜನಸಂಖ್ಯೆ ಸುಮಾರು 22 ಲಕ್ಷ. 2023ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗಳು ಒಂದೂವರೆ ಕೋಟಿಗೂ ಹೆಚ್ಚು. ಪ್ರವಾಸವೇ ಆ ದ್ವೀಪಗಳ ಅನ್ನ. ಆದರೂ 2024ರ ಏಪ್ರಿಲ್ 20ರಂದು ಅಲ್ಲಿಯ ನಿವಾಸಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ನಮ್ಮ ದ್ವೀಪಗಳಿಗೆ ಒಂದು ಮಿತಿಯಿದೆ ಎಂಬುದು ಅವರ ಕೂಗು. ಬಂದವರಿಗೆ ಮನೆಗಳನ್ನು ಬಾಡಿಗೆ ಕೊಟ್ಟು ಕೊಟ್ಟು ಊರಿನವರಿಗೇ ಮನೆ ಸಿಗದಂತಾಯಿತು, ನೀರಿಗೆ ತತ್ವಾರವಾಯಿತು. ಅನ್ನ ಕೊಡುವ ಕಸುಬೇ ಹೆಚ್ಚಾದರೆ ಮನೆಯನ್ನು ಕಸಿಯುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡರು.

ಹವಾಯಿ ದ್ವೀಪಮಾಲೆಯವರು ಇನ್ನೊಂದು ಬಗೆಯಲ್ಲಿ ನಡೆದರು. ಕವಾಯ್ ದ್ವೀಪದ ಹಾಯೆನಾ ಎಂಬ ಉದ್ಯಾನ 2018ರ ಪ್ರವಾಹದಿಂದ ಮುಚ್ಚಿಹೋಯಿತು. 2019ರಲ್ಲಿ ಅದನ್ನು ಮತ್ತೆ ತೆರೆಯುವಾಗ ದಿನಕ್ಕೆ 900 ಪ್ರವಾಸಿಗಳು ಮಾತ್ರ ಎಂದು ಗೊತ್ತುಮಾಡಿದರು. ಒವಾಹು ದ್ವೀಪದ ಹನೌಮ ಕೊಲ್ಲಿಯಲ್ಲಿ ನೀರಿಗಿಳಿಯುವ ಮುಂಚೆ ಪ್ರತಿಯೊಬ್ಬ ಪ್ರವಾಸಿಯೂ ಒಂದು ಕಿರುಚಿತ್ರವನ್ನು ನೋಡಲೇಬೇಕು. ಹವಳದ ಮೇಲೆ ಕಾಲಿಡಬಾರದೇಕೆ, ಕಡಲು ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಅದರಲ್ಲಿ ತಿಳಿಸಿದೆ. ವಾರದಲ್ಲಿ ಎರಡು ದಿನ ಆ ಕೊಲ್ಲಿಗೆ ಬಿಡುವು. ಮಿತಿ, ಪಾಠ, ಬಿಡುವು: ಈ ಮೂರಕ್ಕೂ ಬಹಳ ಹಣ ಬೇಕಾಗಿಲ್ಲ, ಬೇಕಾದದ್ದು ನಿಶ್ಚಯ.

ನಮ್ಮ ದೇಶದಲ್ಲಿ ಲಕ್ಷದ್ವೀಪದ ಸಂಗತಿ ವಿಚಾರಾರ್ಹವಾದದ್ದು. 36 ದ್ವೀಪಗಳು, ಜನವಾಸ ಇರುವುದು 10ರಲ್ಲಿ, ಎಲ್ಲ ಸೇರಿ 32 ಚದರ ಕಿಲೋಮೀಟರು ನೆಲ. ಹವಳದ ಆ ನೆಲದೊಳಗೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ಒಂದು ತೆಳುವಾದ ಪದರವೇ ಅವರ ಬಾವಿಗಳ ಆಧಾರ. ಹೊರಗಿನವರು ಅಲ್ಲಿಗೆ ಹೋಗಬೇಕಾದರೆ ಅನುಮತಿ ಪತ್ರ ಪಡೆಯಬೇಕು. 2024ರ ಜನವರಿಯಲ್ಲಿ, ಪ್ರಧಾನಿಯವರು ಅಲ್ಲಿಗೆ ಭೇಟಿ ಕೊಟ್ಟ ಬಳಿಕ, ಮಾಲ್ದೀವ್ಸಿಗೆ ಬದಲು ಲಕ್ಷದ್ವೀಪಕ್ಕೆ ಹೋಗಿ ಎಂಬ ಕೂಗು ದೇಶವನ್ನೆಲ್ಲ ತುಂಬಿತು. ಆ ಉತ್ಸಾಹದಲ್ಲಿ ಸ್ವಾಭಿಮಾನವೂ ಇತ್ತು. ಆದರೆ ಬಾವಿಗಳ ಲೆಕ್ಕ ಇರಲಿಲ್ಲ. ದ್ವೀಪದ ಗುಣವೇ ಅದು ಎಂದು ಹೇಳಬೇಕು: ಅಲ್ಲಿ ಎಲ್ಲದಕ್ಕೂ ಅಂಚಿದೆ. ಬಯಲಿನಲ್ಲಿರುವವನು ಇನ್ನೂ ಸ್ವಲ್ಪ ಆಚೆ ಹೋಗಿ ನೀರು ತರಬಹುದು, ಕಸ ಎಸೆಯಬಹುದು. ದ್ವೀಪದಲ್ಲಿ ಆಚೆ ಎಂಬುದಿಲ್ಲ.

ಕರ್ನಾಟಕಕ್ಕೆ ಈ ಪಾಠ ಪೂರ್ತಿ ಹೊಸದೇನೂ ಅಲ್ಲ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಜಾತ್ರೆಯಂತೆ ನೆರೆದಾಗ ಸರ್ಕಾರ ಚಾರಣಗಳನ್ನು ತಡೆಹಿಡಿದು, ಆಮೇಲೆ ಮುಂಗಡ ನೋಂದಣಿಯ ಪದ್ಧತಿಯನ್ನು ತಂದು, ಒಂದು ಹಾದಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಬೆಟ್ಟಕ್ಕೆ ಆದದ್ದು ದ್ವೀಪಕ್ಕೆ ಏಕಾಗಬಾರದು? ಅರ್ಧ ಕಿಲೋಮೀಟರು ಉದ್ದದ ನೆಲಕ್ಕೆ ಒಂದು ದಿನದಲ್ಲಿ ಎಷ್ಟು ದೋಣಿ ತಾಳಿಕೆಯಾದೀತು ಎಂಬುದನ್ನು ದೋಣಿಯ ಮಾಲೀಕರು ನಿರ್ಧರಿಸುವುದಕ್ಕಿಂತ ಕಲ್ಲನ್ನೂ ಕಡಲನ್ನೂ ಬಲ್ಲವರು ನಿರ್ಧರಿಸುವುದು ಲೇಸು.

*

ಇಲ್ಲಿಯವರೆಗೆ ಹೇಳಿದ್ದು ಹೆಚ್ಚು ಜನ ಹೋಗುವ ಜಾಗದ ಕಷ್ಟ. ಯಾರೂ ಹೋಗದ ಜಾಗಕ್ಕೂ ಕಷ್ಟವಿದೆ. ಅದನ್ನು ನೋಡಲು ಕೋಲಾರ ಜಿಲ್ಲೆಯಿಂದ ಆಚೆ ಹೋಗಬೇಕಾಗಿಲ್ಲ.

ಕರ್ನಾಟಕದಲ್ಲಿ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕು. ಒಂದು ಸೇಂಟ್ ಮೇರಿ ದ್ವೀಪ. ಇನ್ನೊಂದು ಬೆಂಗಳೂರಿನ ಲಾಲ್‌ಬಾಗಿನ ಬಂಡೆ. ಮೂರನೆಯದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿದಂತಿರುವ ಲಾವಾ. ನಾಲ್ಕನೆಯದು ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಶಿಲೆ. ಜ್ವಾಲಾಮುಖಿ ಸಿಡಿದಾಗ ಹಾರಿದ ಕಲ್ಲುಚೂರುಗಳು ಬೂದಿಯೊಡನೆ ಬೆರೆತು ಗಟ್ಟಿಯಾಗಿ ಈ ಶಿಲೆ ಆಗಿದೆ. ಇದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಗಿಲು. ಇದರ ಎದುರಿಗೆ ಸೇಂಟ್ ಮೇರಿಯ ಕಂಬಗಳು ನಿನ್ನೆ ಹುಟ್ಟಿದ ಮಕ್ಕಳು. ಸರ್ಕಾರದ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಮರ್ಯಾದೆ. ಆದರೆ ಒಂದು ಕಡೆ ದೋಣಿ ತುಂಬಿ ಹೋಗುತ್ತಾರೆ. ಇನ್ನೊಂದರ ಹೆಸರು ಅದೇ ಜಿಲ್ಲೆಯ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಬರುವುದೂ ಅಪರೂಪ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಬಯಲಿನ ನಡುವೆ ಇದ್ದಕ್ಕಿದ್ದಂತೆ ತಲೆಯೆತ್ತಿ ಒಂಟಿಯಾಗಿ ನಿಲ್ಲುವ ಕಲ್ಲುಬೆಟ್ಟಗಳಿಗೆ ಜರ್ಮನ್ ಭೂವಿಜ್ಞಾನಿಗಳು ‘ದ್ವೀಪಗಿರಿ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಕೋಲಾರದ ಶತಶೃಂಗ ಪರ್ವತದ ಮೇಲೆ ನಿಂತು ಸುತ್ತ ನೋಡಿದರೆ ಆ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ. ಕಣ್ಣು ಹರಿಯುವಷ್ಟು ದೂರವೂ ಹೊಲ, ಮಾವಿನ ತೋಪು, ಕೆರೆಯ ಏರಿ. ನಡುನಡುವೆ ಬಂಡೆಯ ಗುಡ್ಡಗಳು. ನಮ್ಮದು ಕಡಲಿಲ್ಲದ ದ್ವೀಪಗಳ ಸಾಲು. ಒಂದೊಂದು ಗುಡ್ಡಕ್ಕೂ ಒಂದೊಂದು ಕಥೆ. ಆವನಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಅಲ್ಲಿ ಹುಟ್ಟಿದರು ಎನ್ನುತ್ತಾರೆ. ಅಲ್ಲಿಯ ರಾಮಲಿಂಗೇಶ್ವರನ ಗುಡಿಗಳ ಗುಂಪು ನೊಳಂಬರ ಕಾಲದ ನೆನಪು. ಕುರುಡುಮಲೆಯಲ್ಲಿ ಒಂದೇ ಕಲ್ಲಿನ ದೊಡ್ಡ ಗಣಪತಿ. ಕೋಲಾರದಲ್ಲಿ ಚೋಳರ ಕಾಲದ ಕೋಲಾರಮ್ಮನ ಗುಡಿ, ವಿಜಯನಗರದ ಶೈಲಿಯ ಸೋಮೇಶ್ವರ ಗುಡಿ, ಬೆಟ್ಟದಲ್ಲಿ ಅಂತರಗಂಗೆ. ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಮುಳಬಾಗಲು ಡಿ. ವಿ. ಗುಂಡಪ್ಪನವರ ಊರು. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ವೆಂಕಟೇಶ ಅಯ್ಯಂಗಾರ್ಯರು ಕನ್ನಡ ನಾಡಿಗೆಲ್ಲ ತಿಳಿಸಿದರು. 1983ರ ಜ್ಞಾನಪೀಠ ಪ್ರಶಸ್ತಿಯೊಡನೆ ಅದು ದೇಶಕ್ಕೂ ತಿಳಿಯಿತು. ಮಹಾಸತಿ ಎಂಬುದರ ತದ್ಭವ ಮಾಸ್ತಿ ಎಂಬ ಶಬ್ದ. ಊರೂರಿನ ಹೊರಗೆ ನಿಂತ ಮಾಸ್ತಿಕಲ್ಲುಗಳ ಮುಂದೆ ನಾಡಿನ ಹೆಂಗಸರ ನೋವಿನ ಚರಿತ್ರೆಯನ್ನು ಓದಬಹುದು. ಇವುಗಳಲ್ಲಿ ಹೆಚ್ಚಿನವು ಮಾಸ್ತಿಯಿಂದ ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ದೂರದವು.

ನೋಡುವವರಿಲ್ಲದ ಬೆಟ್ಟ ಕೇಳುವವರಿಲ್ಲದ ಬೆಟ್ಟವಾಗುತ್ತದೆ. ಮಾಲೂರು ತಾಲ್ಲೂಕಿನ ಟೇಕಲ್ ಸೀಮೆಯಲ್ಲಿ ಕಲ್ಲು ಗಣಿಗಾರಿಕೆ ಬಹುಕಾಲದಿಂದ ನಡೆದುಬಂದಿದೆ. ಕಲ್ಲು ಒಡೆಯುವುದು ಸಾವಿರಾರು ಕುಟುಂಬಗಳ ಅನ್ನ. ಮನೆ ಕಟ್ಟುವವರಿಗೆ ಕಲ್ಲು ಬೇಡ ಎನ್ನಲಾಗದು. ಆದರೆ ಯಾವ ಬೆಟ್ಟವನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಹುಟ್ಟಬೇಕಾದರೆ ಊರಿನವರಿಗೆ ಬೆಟ್ಟದ ಪರಿಚಯವಿರಬೇಕು. ಕಲ್ಲಿನ ವಯಸ್ಸನ್ನು ಬಲ್ಲ ಹುಡುಗ ನಾಳೆ ಪಂಚಾಯಿತಿಯ ಸದಸ್ಯನಾದಾಗ ಕೇಳುವ ಪ್ರಶ್ನೆಯೇ ಬೇರೆ.

ಕೋಲಾರ ಚಿನ್ನದ ಗಣಿಯ ವಿಚಾರವೂ ಹೀಗೆಯೇ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರು ದೂರ ತಂತಿಯ ಮೇಲೆ ಹರಿದು ಬಂದು ಬೆಳಗಿದ್ದು ಆ ಗಣಿಯನ್ನು. 1965ರಲ್ಲಿ ಭಾರತ, ಜಪಾನು ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಆ ಗಣಿಯೊಳಗೆ, ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಸುಳಿವು ಹಿಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದರ ಹೆಸರನ್ನು 2018 ಮತ್ತು 2022ರ ಚಲನಚಿತ್ರಗಳು ಲೋಕಕ್ಕೆಲ್ಲ ಸಾರಿದವು. ಆದರೆ ಚಿತ್ರ ನೋಡಿ ಬಂದವನಿಗೆ ನಿಜವಾದ ಗಣಿಯ ಕಥೆ ಹೇಳುವವರು ಯಾರು? ಚಿನ್ನ ತೆಗೆದು ಬಿಟ್ಟ ಪುಡಿಯ ಗುಡ್ಡಗಳನ್ನು ಊರಿನವರು ‘ಸೈನೈಡ್ ದಿಬ್ಬ’ ಎನ್ನುತ್ತಾರೆ. ಅಂಥ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ಹುಡುಕುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬಗಳು ಕರಗುವುದಾದರೆ ಕರಗಲಿ. ಗಣಿಯೊಳಗೆ ದುಡಿದ ತಲೆಮಾರುಗಳ ನೆನಪೂ ಅದರೊಡನೆ ಕರಗಬಾರದು.

*

ಈಗ ಮೊದಲಿನ ಪ್ರಶ್ನೆಗೆ ಬರೋಣ. ದ್ವೀಪದಲ್ಲಿ ಜನ ಹೆಚ್ಚಾಗಿ ಸಾವು. ಬೆಟ್ಟದಲ್ಲಿ ಜನವಿಲ್ಲದೆ ನಾಶ. ಮೇಲುನೋಟಕ್ಕೆ ಎರಡು ಬೇರೆ ರೋಗಗಳಂತೆ ಕಂಡರೂ ಇವುಗಳ ಮೂಲ ಒಂದೇ. ಸ್ಥಳವನ್ನು ನಾವು ತಿಳಿಯುವ ಸಲುವಾಗಿ ನೋಡುತ್ತಿಲ್ಲ. ಹೋಗಿ ಬಂದೆವು ಎನ್ನಿಸಿಕೊಳ್ಳುವ ಸಲುವಾಗಿ ನೋಡುತ್ತೇವೆ. ಹೆಸರಾದ ಸ್ಥಳಕ್ಕೆ ಎಲ್ಲರೂ ಹೋಗುತ್ತಾರೆ, ಹೋದವರಿಂದ ಅದು ಇನ್ನಷ್ಟು ಹೆಸರಾಗುತ್ತದೆ. ಹೆಸರಿಲ್ಲದ ಸ್ಥಳಕ್ಕೆ ಯಾರೂ ಹೋಗದೆ ಅದು ಹೆಸರಿಲ್ಲದೆಯೇ ಅಳಿಯುತ್ತದೆ. ಪ್ರವಾಸವನ್ನು ಉದ್ಯಮವೆಂದು ಮಾತ್ರ ಎಣಿಸಿ, ಎಷ್ಟು ಲಕ್ಷ ಜನ ಬಂದರು ಎಂಬುದೊಂದನ್ನೇ ಯಶಸ್ಸಿನ ಅಳತೆ ಮಾಡಿದ ನೀತಿ ಈ ಒಲವನ್ನು ಹೆಚ್ಚಿಸುತ್ತದೆಯೇ ಹೊರತು ತಿದ್ದುವುದಿಲ್ಲ.

ಹಿಂದಿನ ಯಾತ್ರೆಗೆ ಒಂದು ಶಿಸ್ತಿತ್ತು. ಯಾತ್ರೆ ಹೊರಡುವವನು ಮುಂಚಿತವಾಗಿಯೇ ಸ್ಥಳಪುರಾಣವನ್ನು ಕೇಳಿರುತ್ತಿದ್ದನು. ನೀರಿಗಿಳಿಯುವುದಕ್ಕೂ ಒಂದು ವಿಧಿಯಿತ್ತು, ಒಂದು ಭಯವಿತ್ತು. ಆ ಕಾಲ ಮರಳಿ ಬರಲೆಂದು ಇಲ್ಲಿ ಹಂಬಲಿಸುತ್ತಿಲ್ಲ. ಆ ಯಾತ್ರೆಯಲ್ಲಿ ಎಲ್ಲರಿಗೂ ಸಮನಾದ ಪ್ರವೇಶವಿರಲಿಲ್ಲ. ಶಾಲೆಯ ಬಸ್ಸಿನಲ್ಲಿ ಎಲ್ಲ ಜಾತಿಯ, ಎಲ್ಲ ಮತದ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತಾರೆ, ಅದು ದೊಡ್ಡದು. ಆದರೆ ತಿಳಿದು ಹೋಗುವುದು, ವಿನಯದಿಂದ ಹೋಗುವುದು ಎಂಬ ಎರಡು ಗುಣಗಳನ್ನು ಹಳೆಯ ಯಾತ್ರೆಯಿಂದ ಹೊಸ ಪ್ರವಾಸ ಕಲಿಯಬಹುದು.

ಇದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಮಿತಿ ಹಾಕಿದರೆ ದೋಣಿಯವರ, ಅಂಗಡಿಯವರ ಹೊಟ್ಟೆಗೇನು ಗತಿ? ಆಕ್ಷೇಪ ನ್ಯಾಯವಾದದ್ದು. ಆದರೆ ಒಂದು ಸಾವಿನ ಮಾರನೆಯ ದಿನ ಇಡೀ ತೀರವನ್ನು ಮುಚ್ಚಿದಾಗ ಅವರ ಹೊಟ್ಟೆಗೆ ಆಗುವ ಪೆಟ್ಟು ಮಿತಿಯಿಂದಾಗುವ ಪೆಟ್ಟಿಗಿಂತ ದೊಡ್ಡದು. ಮೇಲಾಗಿ, ಕಡಲನ್ನು ಬಲ್ಲ ಮೊಗವೀರ ತರುಣರಿಗೆ ಜೀವರಕ್ಷಕರಾಗಿ, ಮಾರ್ಗದರ್ಶಕರಾಗಿ ನಿಯತವಾದ ಸಂಬಳ ಕೊಟ್ಟರೆ ದ್ವೀಪದ ಕಥೆಯನ್ನು ಹೇಳುವ ಬಾಯಿಯೂ ಸಿಗುತ್ತದೆ, ಮಕ್ಕಳನ್ನು ಕಾಯುವ ಕಣ್ಣೂ ಸಿಗುತ್ತದೆ. ಕೋಲಾರದಲ್ಲಿ ಗಣಿಯ ಕೆಲಸ ಬಲ್ಲ ಹಿರಿಯರಿಗೂ ಇದೇ ಮಾತು ಸಲ್ಲುತ್ತದೆ.

ಉಳಿದ ಕೆಲಸ ಶಾಲೆಗಳದು. ಕಡಲಿಗೆ ಹೋಗುವ ಮುಂಚಿನ ವಾರ ಕಡಲಿನ ಸೆಳೆತದ ಪಾಠ ನಡೆಯಲಿ. ಆ ಪಾಠವಿಲ್ಲದೆ ಪ್ರವಾಸಕ್ಕೆ ಅನುಮತಿಯಿಲ್ಲ ಎಂದು ಇಲಾಖೆ ಗೊತ್ತುಮಾಡಲಿ. ಕಡಲಿನಲ್ಲಿ ಮಕ್ಕಳು ನಿಲ್ಲಬಹುದಾದ ಜಾಗವನ್ನು ದಡದ ಜೀವರಕ್ಷಕರು ತೋರಿಸಲಿ. ಶಿಕ್ಷಕರೊಬ್ಬರ ತಲೆಯ ಮೇಲೆಯೇ ಎಲ್ಲ ಭಾರವೂ ಬೀಳದಿರಲಿ. ದೂರದ ಪ್ರವಾಸಕ್ಕೆ ಮುಂಚೆ ಹತ್ತಿರದ್ದೊಂದು ಪ್ರವಾಸ ಕಡ್ಡಾಯವಾಗಲಿ: ಪೆದ್ದಪಲ್ಲಿಗೋ ಆವನಿಗೋ ಊರ ಹೊರಗಿನ ಮಾಸ್ತಿಕಲ್ಲಿಗೋ. ಅಲ್ಲಿ ಕಲ್ಲನ್ನು ನೋಡುವುದನ್ನು ಕಲಿತ ಮಗುವಿಗೆ ದ್ವೀಪದ ಕಂಬಗಳ ಮುಂದೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತದೆ ಗಾದೆ. ದೂರದ ದ್ವೀಪವೂ ನುಣ್ಣಗೇ ಕಾಣುತ್ತದೆ. ಹತ್ತಿರ ಹೋದಾಗ ಅದರ ಕಲ್ಲು ಚೂಪು, ಪಾಚಿ ಜಾರು. ಗಾದೆಯನ್ನು ಹೇಳಿದ ಹಿರಿಯರು ಬೆಟ್ಟಕ್ಕೆ ಹೋಗಬೇಡಿ ಎನ್ನಲಿಲ್ಲ. ಅದು ನುಣ್ಣಗಿಲ್ಲವೆಂಬುದನ್ನು ತಿಳಿದು ಹೋಗಿ ಎಂದರು. ಮುಳಬಾಗಲಿನ ಆ ನಾಲ್ಕು ಮನೆಗಳಲ್ಲಿ ಆರಿದ ದೀಪಗಳಿಗೆ ನಾವು ಸಲ್ಲಿಸಬಹುದಾದ ಗೌರವವಿದ್ದರೆ ಅದು ಮುಂದಿನ ಮಕ್ಕಳಿಂದ ಕಡಲನ್ನು ಬಚ್ಚಿಡುವುದಲ್ಲ. ಕಡಲನ್ನು ಅವರಿಗೆ ಸರಿಯಾಗಿ ಪರಿಚಯ ಮಾಡಿಕೊಡುವುದು.